ಒಂದೇ ಚೆಂಡು, ಐದು ಹಮ್ಮು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ಅಲ್ಲಿ ರಾತ್ರಿ ನಡೆದರೆ ನಮಗೆ ನಸುಕು. ಮುಂಬಯಿಯಲ್ಲಿ ಡೊಂಬಿವಲಿ, ಮುಲುಂಡ್ ಕಡೆಯ ಹುಡುಗರು ಲೋಕಲ್ ರೈಲು ಹತ್ತುವ ಹೊತ್ತಿಗೆ ಆಟ ಕೊನೆಯ ಕ್ವಾರ್ಟರಿಗೆ ಬಂದಿರುತ್ತದೆ. ದಾದರ್ ಬರುವಷ್ಟರಲ್ಲಿ ಫಲಿತಾಂಶ ಗೊತ್ತಾಗಿ ವಾದ ಶುರುವಾಗಿರುತ್ತದೆ. ಕಾಲೇಜು ತಂಡಕ್ಕೆ ಆಡುವ ಅಕ್ಕನ ಮಗ ಈಚೆಗೆ ಒಂದು ಬೆಳಿಗ್ಗೆ ಕೇಳಿದ:

"ಮಾವ, ಡ್ಯುರಾಂಟ್, ಹಾರ್ಡನ್, ಕೈರಿ ಅರ್ವಿಂಗ್ ಮೂರೂ ಜನ ಒಂದೇ ಟೀಮಲ್ಲಿದ್ರಲ್ಲ, ಆದ್ರೂ ಬ್ರೂಕ್ಲಿನ್ ಫೈನಲ್‌ಗೂ ಹೋಗ್ಲಿಲ್ಲ. ಎಲ್ಲ ಈಗೋ ಅಲ್ವಾ?"

"ಈಗೋ ಅಂದ್ರೆ ಮೈಕೆಲ್ ಜೋರ್ಡನ್‌ಗಿಂತ ದೊಡ್ಡ ಈಗೋ ಯಾರಿಗಿತ್ತು ಮಾರಾಯ? ಅವ ಆರು ಸಲ ಕಪ್ ಗೆದ್ದನಲ್ಲ."

ಸೋತ ತಂಡಕ್ಕೆ ಈಗೋ, ಗೆದ್ದ ತಂಡಕ್ಕೆ ಕೆಮಿಸ್ಟ್ರಿ ಎಂದು ಹಣೆಪಟ್ಟಿ ಹಚ್ಚುವುದು ಸುಲಭ. ಆದರೆ ಅದೇ ಆಟಗಾರ, ಅದೇ ಗತ್ತು, ಒಂದು ತಂಡದಲ್ಲಿ ಕಪ್ ತರುತ್ತದೆ, ಇನ್ನೊಂದರಲ್ಲಿ ಮನೆ ಮುರಿಯುತ್ತದೆ. ಹಾಗಾಗುವುದು ಏಕೆ ಎಂದು ತಿಳಿಯಬೇಕಾದರೆ ಮೊದಲು ಈ ಆಟದ ಲೆಕ್ಕ ನೋಡಬೇಕು.

ಅಂಕಣದಲ್ಲಿ ಒಂದು ತಂಡದ ಐದು ಮಂದಿ. ಆಟ 48 ನಿಮಿಷ. ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಹೀಗಾಗಿ ಒಂದು ತಂಡಕ್ಕೆ ಪಂದ್ಯದಲ್ಲಿ ಚೆಂಡು ಸಿಗುವುದು ಸುಮಾರು 100 ಸಲ, ಎಸೆತಗಳು 90ರ ಆಸುಪಾಸು. ಒಬ್ಬನೇ 30 ಎಸೆದರೆ ಉಳಿದ 60ರಲ್ಲಿ ಮಿಕ್ಕವರೆಲ್ಲರ ಪಾಲು. ಮುಂಬಯಿಯವರಾದ ನಾವು ಕ್ರಿಕೆಟ್ಟಿನ ಕಣ್ಣಲ್ಲೇ ಎಲ್ಲ ಆಟ ನೋಡುತ್ತೇವೆ. ವಾಂಖೆಡೆಯಲ್ಲಿ ಮೊದಲಿನವನು ಶತಕ ಹೊಡೆದ ಮಾತ್ರಕ್ಕೆ ನಾಲ್ಕನೆಯವನ ಬ್ಯಾಟಿಂಗ್ ಕಸಿದುಹೋಗುವುದಿಲ್ಲ, ಅವನ ಸರದಿ ಅವನಿಗೆ ಬರುತ್ತದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಸರದಿ ಎಂಬುದೇ ಇಲ್ಲ. ಒಬ್ಬ ತೆಗೆದುಕೊಂಡ ಪ್ರತಿ ಎಸೆತವೂ ಪಕ್ಕದವನು ಬಿಟ್ಟುಕೊಟ್ಟದ್ದು.

2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಅಂಕಿಅಂಶದಲ್ಲಿ ಹುಡುಕಿತು. ತಂಡದಲ್ಲಿ ದೊಡ್ಡ ಪ್ರತಿಭೆಗಳು ಹೆಚ್ಚಾದಂತೆ ಗೆಲುವು ಹೆಚ್ಚುತ್ತದೆ, ಆದರೆ ಒಂದು ಮಟ್ಟ ದಾಟಿದ ಮೇಲೆ ಇನ್ನೊಬ್ಬ ತಾರೆಯನ್ನು ತಂದರೆ ತಂಡ ಕೆಳಗಿಳಿಯುತ್ತದೆ. ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲಿನಲ್ಲಿ ಹೀಗೆ. ಆಟಗಾರರು ಒಬ್ಬರಾದ ಮೇಲೊಬ್ಬರು ಬ್ಯಾಟು ಹಿಡಿಯುವ ಬೇಸ್‌ಬಾಲಿನಲ್ಲಿ ಆ ಇಳಿತ ಕಾಣಲಿಲ್ಲ. ಪರಸ್ಪರ ಅವಲಂಬನೆ ಹೆಚ್ಚಿದ್ದಲ್ಲಿ ಪ್ರತಿಭೆಗಳು ಒಂದರ ಕಾಲಿಗೊಂದು ತೊಡಕುತ್ತವೆ ಎಂಬುದು ಅದರ ತಾತ್ಪರ್ಯ.

ಇದಕ್ಕೆ ಹಣವನ್ನೂ ಸೇರಿಸಿಕೊಳ್ಳಿ. ವೃತ್ತಿಪರ ಆಟಗಾರನ ಹಮ್ಮನ್ನು ಬರೀ ಸ್ವಭಾವದೋಷ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಅವನ ಮುಂದಿನ ಒಪ್ಪಂದ ಎಷ್ಟು ಕೋಟಿಯದ್ದು ಎಂಬುದನ್ನು ಬಹುಪಾಲು ನಿರ್ಧರಿಸುವುದು ಅವನು ಗಳಿಸಿದ ಅಂಕ, ಆಡಿದ ನಿಮಿಷ, ಪಡೆದ ಪ್ರಶಸ್ತಿ. ಎದುರಾಳಿಯ ದಾರಿಗೆ ಅಡ್ಡ ನಿಂತು ಗೆಳೆಯನಿಗೆ ಎಸೆಯಲು ಜಾಗ ಮಾಡಿಕೊಟ್ಟವನ ಹೆಸರು ಮರುದಿನದ ಸ್ಕೋರ್‌ಪಟ್ಟಿಯಲ್ಲಿ ಬಹಳ ಕಾಲ ಬರುತ್ತಲೇ ಇರಲಿಲ್ಲ. ಇಪ್ಪತ್ತೆರಡರ ಹುಡುಗ, ಮೂವತ್ತೈದಕ್ಕೆ ಮುಗಿಯುವ ವೃತ್ತಿ, ಹಿಂದೆ ಕಾದುಕೂತ ಇಡೀ ಕುಟುಂಬ. ಅವನು "ಚೆಂಡು ನನಗೆ ಕೊಡಿ" ಅಂದರೆ ನನಗೆ ಸಿಟ್ಟು ಬರುವುದಿಲ್ಲ. ಒಂದು ಸಲ ಗೆದ್ದ ತಂಡ ಮರುವರ್ಷ ಎಡವುವುದರ ಹಿಂದೆಯೂ ಹೆಚ್ಚಾಗಿ ಇದೇ ಇರುತ್ತದೆ. ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡ 1980ರಲ್ಲಿ ಚಾಂಪಿಯನ್, 1981ರಲ್ಲಿ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್‌ಗೆ ಸೋತು ಹೊರಗೆ. ಆಗ ಆ ತಂಡದ ಸಹಾಯಕ ಕೋಚ್ ಆಗಿದ್ದ ಪ್ಯಾಟ್ ರೈಲಿ ಇದನ್ನು "ಇನ್ನಷ್ಟು ಬೇಕೆಂಬ ಕಾಯಿಲೆ" ಎಂದು ಗುರುತಿಸಿದರು. ಕಪ್ ಬಂದ ಮೇಲೆ ಪ್ರತಿಯೊಬ್ಬನಿಗೂ ಇನ್ನಷ್ಟು ಎಸೆತ, ಇನ್ನಷ್ಟು ನಿಮಿಷ, ಇನ್ನಷ್ಟು ಹೆಸರು ಬೇಕು.

ಇನ್ನು ಕೆಮಿಸ್ಟ್ರಿ. ಈ ಮಾತನ್ನು ಗಾಳಿಯಲ್ಲಿ ತೇಲಿಬಿಡುತ್ತಾರೆ, ಅಂಕಣದಲ್ಲಿ ಮಾತ್ರ ಅದು ಕಣ್ಣಿಗೆ ಕಾಣುವ ಕೆಲಸ. 2019ರ ಅಕ್ಟೋಬರ್ 4 ಮತ್ತು 5ರಂದು ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಆಡಿದವಲ್ಲ, ಭಾರತದ ನೆಲದಲ್ಲಿ ನಡೆದ ಮೊದಲ ಎನ್‌ಬಿಎ ಪಂದ್ಯಗಳು, ಅಲ್ಲಿ ಕೂತವರಿಗೆ ಟಿವಿಯಲ್ಲಿ ಎಂದೂ ಕಾಣದ್ದು ಕಂಡಿತು. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಕ್ರೀಡಾಂಗಣದಲ್ಲಿ ಚೆಂಡಿಲ್ಲದ ನಾಲ್ವರನ್ನು ನೋಡಬಹುದು, ಅವರು ಕೂಗುವುದನ್ನು ಕೇಳಬಹುದು. ಮೊದಲ ದಿನ ಪೇಸರ್ಸ್ ಹೆಚ್ಚುವರಿ ಅವಧಿಯಲ್ಲಿ 132-131ರಿಂದ ಗೆದ್ದರು. ಅಷ್ಟು ಬಿಗಿಯಾದ ಆಟದಲ್ಲಿ ಚೆಂಡಿಲ್ಲದವರ ಹೆಜ್ಜೆಗಳೇ ನೋಡಬೇಕಾದವು.

ಒಂದು ಸನ್ನಿವೇಶವನ್ನು ನಿಧಾನವಾಗಿ ಬಿಡಿಸಿ ನೋಡೋಣ. ಎದುರಾಳಿಯೊಬ್ಬ ತನ್ನನ್ನು ಕಾಯುವವನನ್ನು ದಾಟಿ ಬುಟ್ಟಿಯ ಕಡೆ ನುಗ್ಗಿದ. ಈಗ ನಮ್ಮ ಎತ್ತರದ ಆಟಗಾರ ತಾನು ಕಾಯುತ್ತಿದ್ದವನನ್ನು ಬಿಟ್ಟು ಅಡ್ಡ ಬರಬೇಕು. ಬಂದರೆ ಅವನು ಬಿಟ್ಟ ಆಟಗಾರ ಖಾಲಿ. ಆ ಖಾಲಿಯನ್ನು ಮೂಲೆಯಲ್ಲಿರುವ ಇನ್ನೊಬ್ಬ ನಮ್ಮವನು ಓಡಿಬಂದು ತುಂಬಬೇಕು, ಅವನು ಬಿಟ್ಟ ಜಾಗವನ್ನು ಮತ್ತೊಬ್ಬ. ಇದೆಲ್ಲ ಒಂದೂವರೆ, ಎರಡು ಸೆಕೆಂಡಿನ ಮಾತು. ಎತ್ತರದವನ ತಲೆಯಲ್ಲಿ "ನಾನು ಹೋದರೆ ಹಿಂದೆ ಯಾರೂ ಬರಲಿಕ್ಕಿಲ್ಲ, ಆಮೇಲೆ ನನ್ನವನೇ ಅಂಕ ಗಳಿಸಿದ ಅಂತ ಬೈಸಿಕೊಳ್ಳುವುದು ನಾನು" ಎಂಬ ಅನುಮಾನ ಅರೆಗಳಿಗೆ ಸುಳಿದರೂ ತಡವಾಯಿತು, ಎರಡು ಅಂಕ ಹೋಯಿತು. ಹಿಂದಿನವನು ಬಂದೇ ಬರುತ್ತಾನೆ ಎಂಬ ಖಾತ್ರಿಯಿಂದ ಯೋಚಿಸದೆ ಕಾಲು ಎತ್ತುವುದಕ್ಕೆ ಕೆಮಿಸ್ಟ್ರಿ ಎನ್ನುತ್ತಾರೆ. ಗೆಳೆತನ ಇದ್ದರೆ ಒಳ್ಳೆಯದೇ, ಆದರೆ ಅದಿಲ್ಲದೆಯೂ ಈ ಖಾತ್ರಿ ಇರಬಲ್ಲದು.

ಚೆಂಡು ನಮ್ಮಲ್ಲಿದ್ದಾಗಿನದು ಬೇರೆ ಬಗೆ. ಮಳೆಗಾಲದಲ್ಲಿ ಊರಿನ ಅರ್ಥಧಾರಿಗಳು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವುದನ್ನು ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಕೃಷ್ಣನ ಅರ್ಥ ಹೇಳುವವರು ಎಷ್ಟೇ ದೊಡ್ಡ ವಿದ್ವಾಂಸರಾದರೂ, ಎದುರು ಕೂತ ಕೌರವನಿಗೆ ಹಿಡಿದುಕೊಳ್ಳಲು ಒಂದು ಎಳೆ ಬಿಡದೆ ಮಾತು ಮುಗಿಸಿದರೆ ಪ್ರಸಂಗ ಅಲ್ಲೇ ಸಾಯುತ್ತದೆ. ಹಾಗೆಂದು ಅವರು ಸಪ್ಪೆಯಾಗಿ ಮಾತಾಡಿದರೂ ಕೇಳುವವರಿಲ್ಲ. ತನ್ನ ಪ್ರೌಢಿಮೆ ಪೂರ್ತಿ ತೋರಿಸಬೇಕು, ಎದುರಿನವರಿಗೆ ಏಳಲು ಜಾಗವೂ ಇರಬೇಕು. ಒಳ್ಳೆಯ ಪಾಸ್ ಎಂದರೆ ಅಂಥದ್ದು: ಹಿಡಿದವನು ಕೈ ಸರಿಪಡಿಸಿಕೊಳ್ಳದೆ ಹಾಗೇ ಎಸೆಯುವಂತೆ, ಅವನ ಎದೆಮಟ್ಟಕ್ಕೆ, ಅವನ ಕಾಲು ನೆಲೆಯೂರಿದ ಗಳಿಗೆಗೆ ಬರಬೇಕು.

ಮಾಟುಂಗಾದ ಇಂಡಿಯನ್ ಜಿಮ್ಖಾನಾದಲ್ಲಿ ಸಂಜೆ ಮಕ್ಕಳು ಅಭ್ಯಾಸ ಮಾಡುವಾಗ ಒಂದು ಸನ್ನೆ ಕಾಣಸಿಗುತ್ತದೆ. ಬುಟ್ಟಿಗೆ ಹಾಕಿದ ಹುಡುಗಿ ತನ್ನ ಕೈ ಎತ್ತಿ ಸಂಭ್ರಮಿಸುವ ಮೊದಲು ಬೆರಳು ಮಾಡಿ ಪಾಸ್ ಕೊಟ್ಟವಳನ್ನು ತೋರಿಸುತ್ತಾಳೆ. ತೋರಿಸಿಕೊಂಡವಳ ಮುಖ ನೋಡಬೇಕು ಆಗ. ಮುಂದಿನ ಸಲ ಅವಳು ಇನ್ನೂ ಜೋರಾಗಿ ಓಡುತ್ತಾಳೆ. ಈ ರೂಢಿಯನ್ನು ಬೆಳೆಸಿದವರು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಕೋಚ್ ಡೀನ್ ಸ್ಮಿತ್, ಮೈಕೆಲ್ ಜೋರ್ಡನ್ ಅವರ ಗುರು. ಸ್ಕೋರ್‌ಪಟ್ಟಿ ಕೊಡದ ಮರ್ಯಾದೆಯನ್ನು ಆಟಗಾರರೇ ಒಬ್ಬರಿಗೊಬ್ಬರು ಎಲ್ಲರೆದುರು ಕೊಡುವ ಏರ್ಪಾಡು ಇದು. ಸಣ್ಣದೆನಿಸಬಹುದು. 2008-09ರ ಎನ್‌ಬಿಎ ಸೀಸನ್ನನ್ನು ಗಮನಿಸಿದ ಸಂಶೋಧಕರು, ಆರಂಭದ ಪಂದ್ಯಗಳಲ್ಲಿ ಬೆನ್ನು ತಟ್ಟುವುದು, ಕೈಗೆ ಕೈ ಹೊಡೆಯುವುದು, ಅಪ್ಪಿಕೊಳ್ಳುವುದು ಹೆಚ್ಚಿದ್ದ ತಂಡಗಳು ಸೀಸನ್ನಿನ ಮುಂದಿನ ಭಾಗದಲ್ಲಿ ಚೆನ್ನಾಗಿ ಆಡಿದವು ಎಂದು ಕಂಡುಕೊಂಡರು. ಮೊದಲಿಂದಲೇ ಬಲವಾದ ತಂಡಗಳು ತಾನೇ ಖುಷಿಯಾಗಿರುವುದು ಎಂಬ ಅನುಮಾನವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ಈಗ ಹಮ್ಮು ಮುಳುಗಿಸಿದ ಕಥೆಗೆ ಬರೋಣ. 2004ರ ಲೇಕರ್ಸ್. ಶಕೀಲ್ ಒನೀಲ್, ಕೋಬಿ ಬ್ರಯಾಂಟ್ ಜೋಡಿ 2000, 2001, 2002ರಲ್ಲಿ ಸಾಲಾಗಿ ಮೂರು ಸಲ ಗೆದ್ದಿತ್ತು. ಜೊತೆಗೆ ಹಿರಿಯ ತಾರೆಗಳಾದ ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಬಂದು ಸೇರಿದರು. ಎದುರಿಗೆ ಡೆಟ್ರಾಯಿಟ್ ಪಿಸ್ಟನ್ಸ್. ಅವರ ನಾಯಕಸ್ಥಾನದ ಚಾನ್ಸಿ ಬಿಲಪ್ಸ್ ಹಲವು ತಂಡಗಳಿಂದ ಕೈಬದಲಾಗುತ್ತ ಬಂದವರು, ಬೆನ್ ವಾಲೇಸ್ ಅವರನ್ನು, ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲೇ ಇಲ್ಲ. ಪಿಸ್ಟನ್ಸ್ 4-1ರಿಂದ ಗೆದ್ದರು. ಆ ಫೈನಲ್‌ನ ಒಂದು ಲೆಕ್ಕ ನನ್ನನ್ನು ಈಗಲೂ ಕಾಡುತ್ತದೆ: ಒನೀಲ್ ಎಸೆದದ್ದರಲ್ಲಿ ಶೇ. 63ರಷ್ಟು ಬುಟ್ಟಿಗೆ ಬಿತ್ತು, ಬ್ರಯಾಂಟ್ ಎಸೆದದ್ದರಲ್ಲಿ ಶೇ. 38 ಮಾತ್ರ. ಆದರೂ ಹೆಚ್ಚು ಎಸೆದವರು ಬ್ರಯಾಂಟ್. ಮಲೋನ್ ಮೊಣಕಾಲಿನ ಗಾಯ, ಪಿಸ್ಟನ್ಸ್ ರಕ್ಷಣೆಯ ಬಿಗಿ ಎಲ್ಲ ನಿಜ. ಆದರೆ ತಂಡ ಯಾರದ್ದು ಎಂದು ಇಬ್ಬರ ನಡುವೆ ವರ್ಷಗಳಿಂದ ನಡೆದಿದ್ದ ಜಗಳ ಆ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಒಂದು ತಿಂಗಳೊಳಗೆ ಒನೀಲ್ ಮಯಾಮಿಗೆ ಹೋದರು.

ಅದೇ ವರ್ಷ, ಪಿಸ್ಟನ್ಸ್ ತಂಡವನ್ನು ಗೆಲ್ಲಿಸಿದ ಕೋಚ್ ಲ್ಯಾರಿ ಬ್ರೌನ್ ಅವರೇ ಅಮೆರಿಕದ ತಂಡವನ್ನು ಅಥೆನ್ಸ್ ಒಲಿಂಪಿಕ್ಸ್‌ಗೆ ಕರೆದೊಯ್ದರು. ಟಿಮ್ ಡಂಕನ್, ಆಲನ್ ಐವರ್ಸನ್, ಎಳೆಯ ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್ ಎಲ್ಲ ಇದ್ದರು. ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ 92-73ರಿಂದ ಬಡಿಯಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 89-81ರಿಂದ ಸೋಲಿಸಿ ಮುಂದೆ ಚಿನ್ನವನ್ನೂ ಗೆದ್ದಿತು. ಅರ್ಜೆಂಟೀನಾದ ಹುಡುಗರು ವರ್ಷಗಟ್ಟಲೆ ಒಟ್ಟಿಗೆ ಆಡಿ ಬೆಳೆದವರು, ಅಮೆರಿಕದವರು ಕೆಲವು ವಾರಗಳ ಹಿಂದೆ ಕೂಡಿದವರು. ಕೋಚ್ ಒಬ್ಬರೇ, ಒಂದು ಬೇಸಿಗೆಯಲ್ಲಿ ಅವರಿಗೆ ಎರಡೂ ಅನುಭವವಾಯಿತು.

ಈಗ ಎದುರು ಪಕ್ಷದ ವಾದ. ಒನೀಲ್ ಮತ್ತು ಬ್ರಯಾಂಟ್ ಆ ಮೂರು ಕಪ್ ಗೆದ್ದಾಗಲೂ ಅವರ ನಡುವೆ ಸೌಹಾರ್ದ ಇರಲಿಲ್ಲ. ಹಾಗಾದರೆ ಗೆದ್ದದ್ದು ಹೇಗೆ? ಆಗ ಬ್ರಯಾಂಟ್ ಇಪ್ಪತ್ತರ ಆಸುಪಾಸಿನ ಹುಡುಗ, ಒನೀಲ್ ತಡೆಯಲಾಗದ ದೈತ್ಯ. ಯಾರು ಮೊದಲು ಎಂಬುದರಲ್ಲಿ ಗೊಂದಲವಿರಲಿಲ್ಲ. ಕಿರಿಯವನು ಬೆಳೆದು ಸಮಸಮನಾದಾಗ ಹಳೆಯ ಒಪ್ಪಂದ ಮುರಿಯಿತು, ಹೊಸದನ್ನು ಯಾರೂ ಬರೆಯಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇಲ್ಲಿದೆ. ಹಮ್ಮು ಇದ್ದೇ ಇರುತ್ತದೆ, ಇಲ್ಲದವನು ಇಪ್ಪತ್ತು ಸಾವಿರ ಜನರೆದುರು ಕೊನೆಯ ಎಸೆತಕ್ಕೆ ಕೈ ಚಾಚುವುದೇ ಇಲ್ಲ. ಯಾರ ಹಮ್ಮಿಗೆ ಯಾವ ಜಾಗ ಎಂಬುದು ತಂಡದೊಳಗೆ ಇತ್ಯರ್ಥವಾಗಿದೆಯೇ, ಮತ್ತು ಎಲ್ಲರಿಗಿಂತ ದೊಡ್ಡವನು ಮೊದಲು ಒಂದು ಹೆಜ್ಜೆ ಹಿಂದೆ ಸರಿದಿದ್ದಾನೆಯೇ, ಇವೆರಡೇ ಪ್ರಶ್ನೆ.

1994ರ ಮೇ ತಿಂಗಳ ಆ ರಾತ್ರಿಯನ್ನು ನೋಡಿ. ಜೋರ್ಡನ್ ಆಟ ಬಿಟ್ಟು ಬೇಸ್‌ಬಾಲಿಗೆ ಹೋಗಿದ್ದರು. ಶಿಕಾಗೊ ಬುಲ್ಸ್‌ಗೆ ಸ್ಕಾಟಿ ಪಿಪ್ಪನ್ ಮುಂದಾಳು. ನ್ಯೂಯಾರ್ಕ್ ನಿಕ್ಸ್ ವಿರುದ್ಧದ ಸರಣಿಯ ಮೂರನೇ ಪಂದ್ಯ 102-102, ಉಳಿದದ್ದು 1.8 ಸೆಕೆಂಡು. ಕೋಚ್ ಫಿಲ್ ಜಾಕ್ಸನ್ ಕೊನೆಯ ಎಸೆತವನ್ನು ಕ್ರೊಯೇಶಿಯಾದಿಂದ ಬಂದ ಟೋನಿ ಕುಕೋಚ್‌ಗೆ ಕೊಟ್ಟರು. ಚೆಂಡು ಒಳಗೆ ಕೊಡುವ ಕೆಲಸ ತನ್ನದೆಂದಾಗ ಪಿಪ್ಪನ್ ಬೆಂಚಿನಿಂದ ಏಳಲೇ ಇಲ್ಲ. ಕುಕೋಚ್ ಎಸೆದರು, ಬಿತ್ತು, ಬುಲ್ಸ್ ಗೆದ್ದರು. ಆದರೂ ಲಾಕರ್ ರೂಮಿನಲ್ಲಿ ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಕಣ್ಣೀರಿಡುತ್ತ ಮಾತಾಡಿದರು, ಪಿಪ್ಪನ್ ಕ್ಷಮೆ ಕೇಳಿದರು. ಪಿಪ್ಪನ್ ಸ್ವಾರ್ಥಿ ಆಟಗಾರರಾಗಿರಲಿಲ್ಲ. ವರ್ಷಗಟ್ಟಲೆ ಜೋರ್ಡನ್ ನೆರಳಲ್ಲಿ ತಂಡಕ್ಕಾಗಿ ದುಡಿದವರಿಗೆ, ಕೊನೆಗೂ ಬಂದ ಸರದಿ ಬೇರೆಯವರಿಗೆ ಹೋದಾಗ ಎದೆಗೆ ಚುಚ್ಚಿತು. ಆ ನೋವು ನನಗೆ ಅರ್ಥವಾಗುತ್ತದೆ, ಏಳದೆ ಕೂತದ್ದನ್ನು ಮಾತ್ರ ಒಪ್ಪಲಾರೆ.

ಅದೇ ಬುಲ್ಸ್‌ನಲ್ಲಿ ಸ್ಟೀವ್ ಕೆರ್ ಇದ್ದರು, ತೆಳ್ಳಗಿನ ಆಳು, ದೂರದಿಂದ ಗುರಿಯಿಟ್ಟು ಎಸೆಯುವವರು. ಜೋರ್ಡನ್ ತಂಡಕ್ಕೆ ಮರಳಿದ ಮೇಲೆ, 1995ರಲ್ಲಿ ಅಭ್ಯಾಸದ ವೇಳೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದು ಜೋರ್ಡನ್ ಕೆರ್ ಮುಖಕ್ಕೆ ಗುದ್ದಿದರು. ಎದುರು ನಿಂತು ಉತ್ತರ ಕೊಟ್ಟದ್ದರಿಂದ ಕೆರ್ ಮೇಲೆ ಜೋರ್ಡನ್‌ಗೆ ವಿಶ್ವಾಸ ಬಂತು ಎಂದು ಇಬ್ಬರೂ ಮುಂದೆ ಹೇಳಿಕೊಂಡಿದ್ದಾರೆ. ಎರಡು ವರ್ಷದ ನಂತರ, 1997ರ ಫೈನಲ್‌ನ ಆರನೇ ಪಂದ್ಯ, ಯೂಟಾ ಜಾಝ್ ಎದುರು ಸ್ಕೋರ್ ಸಮ. ಟೈಮ್‌ಔಟ್‌ನಲ್ಲಿ ಜೋರ್ಡನ್ ಕೆರ್ ಕಡೆ ತಿರುಗಿ, ಜಾಝ್‌ನ ಸ್ಟಾಕ್ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರುತ್ತಾನೆ, ಸಿದ್ಧನಾಗಿರು ಎಂದರು. ಹಾಗೇ ಆಯಿತು. ಇಬ್ಬರು ಮೇಲೆ ಬಿದ್ದಾಗ ಜೋರ್ಡನ್ ಚೆಂಡು ಬಿಟ್ಟುಕೊಟ್ಟರು, ಕೆರ್ ಹಾಕಿದರು, 88-86. ಪಂದ್ಯ 90-86ಕ್ಕೆ ಮುಗಿಯಿತು. ಬುಲ್ಸ್‌ಗೆ ಐದನೇ ಕಪ್.

ಕೆರ್ ಮುಂದೆ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಹೋದರು. ಅಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ತಂಡದ ಅತಿ ದೊಡ್ಡ ಆಟಗಾರ ಟಿಮ್ ಡಂಕನ್ ಅವರನ್ನು ಎಲ್ಲರೆದುರು ಬೈಯುತ್ತಿದ್ದರು, ಡಂಕನ್ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ಅವರೇ ಬೈಸಿಕೊಂಡ ಮೇಲೆ ಹನ್ನೆರಡನೆಯ ಆಟಗಾರ ಮುಖ ಊದಿಸಿಕೊಳ್ಳುವುದು ಹೇಗೆ? 2012ರಲ್ಲಿ ಡಂಕನ್ ತಮ್ಮ ಸಂಬಳವನ್ನು ಅರ್ಧಕ್ಕಿಂತ ಕೆಳಗಿಳಿಸಿಕೊಂಡು ಸಹಿ ಹಾಕಿದ್ದರಿಂದ ಬೇರೆಯವರನ್ನು ಉಳಿಸಿಕೊಳ್ಳಲು ತಂಡಕ್ಕೆ ದುಡ್ಡು ಉಳಿಯಿತು. ಅಥೆನ್ಸ್‌ನಲ್ಲಿ ಅರ್ಜೆಂಟೀನಾಕ್ಕೆ ಚಿನ್ನ ತಂದ ಮನು ಜಿನೋಬಿಲಿ ಇಲ್ಲಿ ಮೊದಲ ಐವರಲ್ಲಿ ಇಳಿಯದೆ ಬೆಂಚಿನಿಂದ ಎದ್ದುಬಂದು ಆಡುವುದಕ್ಕೆ ಒಪ್ಪಿದರು. 2013ರ ಫೈನಲ್ ಗೆದ್ದೇಬಿಟ್ಟಂತಿದ್ದಾಗ ಮಯಾಮಿಯ ರೇ ಆಲನ್ ಕೊನೆಯ ಕ್ಷಣದಲ್ಲಿ ಎಸೆದ ಮೂರು ಅಂಕ ಅದನ್ನು ಕಸಿಯಿತು. ಬೇರೆ ತಂಡವಾಗಿದ್ದರೆ ತಪ್ಪು ಯಾರದ್ದೆಂದು ಒಳಗೊಳಗೇ ಕಚ್ಚಾಡಿ ಒಡೆದುಹೋಗುತ್ತಿತ್ತು. ಸ್ಪರ್ಸ್ ಮರುವರ್ಷ ಅದೇ ಮಯಾಮಿಯನ್ನು 4-1ರಿಂದ ಸೋಲಿಸಿದರು. ಆ ಸರಣಿಯಲ್ಲಿ ಎಸೆಯಲು ಒಳ್ಳೆಯ ಜಾಗ ಸಿಕ್ಕವನೂ ಇನ್ನೂ ಒಳ್ಳೆಯ ಜಾಗದಲ್ಲಿದ್ದವನಿಗೆ ಚೆಂಡು ದಾಟಿಸುತ್ತಿದ್ದ. ನೋಡಿದ್ದಷ್ಟೂ ಮತ್ತೆ ನೋಡಬೇಕೆನಿಸುವ ಆಟ ಅದು.

ಕೆರ್ 2014ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕೋಚ್ ಆದರು. ಹತ್ತು ಸೀಸನ್‌ಗಳಲ್ಲಿ ತಾನು ಆಡಿದ ಪ್ರತಿ ಪಂದ್ಯವನ್ನೂ ಆರಂಭಿಸಿದ್ದ ಆಂಡ್ರೆ ಇಗುಡಾಲಾ ಅವರಿಗೆ ಬೆಂಚಿನಲ್ಲಿ ಕೂರಲು ಹೇಳಿದರು. ಇಗುಡಾಲಾ ಒಪ್ಪಿದರು. 2015ರ ಫೈನಲ್‌ನಲ್ಲಿ ತಂಡ 1-2ರಿಂದ ಹಿಂದೆ ಬಿದ್ದಾಗ ಅವರನ್ನು ಮೊದಲ ಐವರಲ್ಲಿ ಇಳಿಸಿದರು, ಈ ಸಲ ಕೂತವರು ಆಂಡ್ರೂ ಬೋಗಟ್. ವಾರಿಯರ್ಸ್ ಮುಂದಿನ ಮೂರೂ ಗೆದ್ದರು. ಫೈನಲ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಇಗುಡಾಲಾಗೆ. 2016ರಲ್ಲಿ ಕೆವಿನ್ ಡ್ಯುರಾಂಟ್ ಬಂದಾಗ ಸ್ಟೀಫನ್ ಕರಿಯ ಸರಾಸರಿ ಅಂಕ 30ರಿಂದ 25ಕ್ಕೆ ಇಳಿಯಿತು. ಡ್ಯುರಾಂಟ್‌ರನ್ನು ಬಾ ಎಂದು ಕರೆದವರಲ್ಲಿ ಕರಿಯೂ ಒಬ್ಬರು. ಆಮೇಲಿನ ಎರಡು ಫೈನಲ್‌ಗಳಲ್ಲಿ ಪ್ರಶಸ್ತಿ ಡ್ಯುರಾಂಟ್‌ಗೆ ಹೋಯಿತು, ಕರಿಗೆ ಅದು ಸಿಕ್ಕಿದ್ದು 2022ರಲ್ಲಿ.

ಆದರೆ ಕೆಮಿಸ್ಟ್ರಿ ಒಮ್ಮೆ ಕಟ್ಟಿದರೆ ಉಳಿಯುತ್ತದೆ ಎನ್ನುವಂತಿಲ್ಲ. ಅದೇ 2022ರ ಅಕ್ಟೋಬರಿನಲ್ಲಿ, ಚಾಂಪಿಯನ್ ಪಟ್ಟ ಇನ್ನೂ ಹೊಸದಿರುವಾಗ, ಡ್ರೇಮಂಡ್ ಗ್ರೀನ್ ಅಭ್ಯಾಸದಲ್ಲಿ ಕಿರಿಯ ಆಟಗಾರ ಜೋರ್ಡನ್ ಪೂಲ್‌ಗೆ ಗುದ್ದಿದರು. ವಿಡಿಯೊ ಹೊರಬಂತು, ಲೋಕವೆಲ್ಲ ನೋಡಿತು. ಕೆರ್ ತಿಂದ ಗುದ್ದು ನಾಲ್ಕು ಗೋಡೆಯೊಳಗೆ ಇತ್ಯರ್ಥವಾಗಿತ್ತು, ಇದಕ್ಕೆ ಆ ಅವಕಾಶವೇ ಸಿಗಲಿಲ್ಲ. ವಾರಿಯರ್ಸ್ ಆ ವರ್ಷ ಎರಡನೇ ಸುತ್ತಿನಲ್ಲಿ ಸೋತರು, ಪೂಲ್ ಬೇರೆ ತಂಡಕ್ಕೆ ಹೋದರು.

ಬ್ರೂಕ್ಲಿನ್ ವಿಷಯದಲ್ಲಿ ಜನ ಹೇಳುವಷ್ಟು ಹಮ್ಮಿನ ಪಾಲು ಇತ್ತೆಂದು ನನಗನ್ನಿಸುವುದಿಲ್ಲ. 2021ರ ಜನವರಿಯಲ್ಲಿ ಹಾರ್ಡನ್ ಬಂದರು, 2022ರ ಫೆಬ್ರುವರಿಯಲ್ಲಿ ಹೋದರು. ಗಾಯಗಳ ನಡುವೆ, ಲಸಿಕೆ ಹಾಕಿಸಿಕೊಳ್ಳದ ಅರ್ವಿಂಗ್‌ಗೆ ನ್ಯೂಯಾರ್ಕ್ ನಗರದ ನಿಯಮದಿಂದ ತವರಿನಲ್ಲೇ ಆಡಲು ಆಗದಿದ್ದ ತಿಂಗಳುಗಳ ನಡುವೆ, ಲೀಗ್ ಹಂತ, ನಾಕೌಟ್ ಹಂತ ಎರಡೂ ಸೇರಿ ಮೂವರೂ ಒಟ್ಟಿಗೆ ಅಂಕಣಕ್ಕಿಳಿದದ್ದು 16 ಪಂದ್ಯಗಳಲ್ಲಿ. ಯಾರಿಗೆ ಯಾವ ಜಾಗ ಎಂದು ಜಗಳವಾಡಿ ಇತ್ಯರ್ಥ ಮಾಡಿಕೊಳ್ಳುವುದಕ್ಕೂ ಅಷ್ಟು ಸಾಲದು. ಹಾಗೆಂದು ಸಮಯವೇ ಎಲ್ಲ ಎಂದೂ ಅಲ್ಲ. 2004ರ ಪಿಸ್ಟನ್ಸ್‌ಗೆ ರಷೀದ್ ವಾಲೇಸ್ ಬಂದದ್ದು ಫೆಬ್ರುವರಿಯಲ್ಲಿ, ಜೂನಿನಲ್ಲಿ ಚಾಂಪಿಯನ್. ಅವರು ಬಂದದ್ದು ಎಸೆತಗಳ ಪಾಲು ಕೇಳಿಕೊಂಡಲ್ಲ, ರಕ್ಷಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಜಾಗ ತುಂಬಲು.

ಇಷ್ಟೆಲ್ಲ ದೂರದ ಕಥೆಯಾದರೂ ನಮ್ಮೂರಿಗೆ ಇದರ ನಂಟು ಹತ್ತಿರದ್ದು. ಮುಂಬಯಿಯ ನಾಗ್ಪಾಡಾ, ಭಾರತ ತಂಡದ ನಾಯಕರಾಗಿದ್ದ ಅರ್ಜುನ ಪ್ರಶಸ್ತಿ ವಿಜೇತ ಅಬ್ಬಾಸ್ ಮುಂತಸಿರ್ ಅವರನ್ನು ಕೊಟ್ಟ ನೆಲ. ಅಲ್ಲಿನ ಗಲ್ಲಿ ಹುಡುಗರು ಒಂದೇ ಅಂಕಣದಲ್ಲಿ ಚಿಕ್ಕಂದಿನಿಂದ ಒಟ್ಟಿಗೆ ಆಡಿ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಬಾಯಿಪಾಠವಾಗಿರುತ್ತದೆ. ರಾಷ್ಟ್ರೀಯ ಮಟ್ಟದಲ್ಲಿ ಭಾರತೀಯ ರೈಲ್ವೆಯ ಮಹಿಳೆಯರು ವರ್ಷಗಟ್ಟಲೆ ಪಾರಮ್ಯ ಮೆರೆದದ್ದರಲ್ಲೂ ಪ್ರತಿಭೆಯ ಜೊತೆ ಇದರ ಪಾಲಿದೆ: ಕಾಯಂ ನೌಕರಿ ಇರುವುದರಿಂದ ಯಾರ ಊಟವೂ ಎಷ್ಟು ಅಂಕ ಗಳಿಸಿದೆ ಎಂಬುದರ ಮೇಲೆ ನಿಂತಿಲ್ಲ, ಮತ್ತು ಅದೇ ಗೆಳತಿಯರ ಜೊತೆ ವರ್ಷದಿಂದ ವರ್ಷಕ್ಕೆ ಆಡುತ್ತಾರೆ. ಇದಕ್ಕೆ ಹೋಲಿಸಿದರೆ 2015ರಿಂದ 2017ರವರೆಗೆ ನಡೆದ ಯುಬಿಎ ಎಂಬ ಭಾರತದ ವೃತ್ತಿಪರ ಲೀಗ್‌ನಲ್ಲಿ ಮುಂಬಯಿ ಚಾಲೆಂಜರ್ಸ್, ಪುಣೆ ಪೇಶ್ವಾಸ್ ಎಂಬ ಹೆಸರುಗಳಿದ್ದವು, ಸೀಸನ್‌ಗಳು ಮಾತ್ರ ಚಿಕ್ಕವು. ಆಟಗಾರರು ಕೂಡುವುದು, ಆಡುವುದು, ಚದುರುವುದು. ಈ ಎರಡು ಊರುಗಳಿಗೆ ಮತ್ತೆ ವೃತ್ತಿಪರ ತಂಡ ಕಟ್ಟುವವರು ಹೊರದೇಶದ ಒಬ್ಬ ದುಬಾರಿ ಆಟಗಾರನನ್ನು ತರುವ ದುಡ್ಡಿನಲ್ಲಿ, ಹನ್ನೆರಡು ಜನ ಹುಡುಗರಿಗೆ ವರ್ಷವಿಡೀ ಸಂಬಳ ಕೊಟ್ಟು ದಿನಾ ಬೆಳಿಗ್ಗೆ ಒಂದೇ ಅಂಕಣದಲ್ಲಿ ಆಡಿಸಿ ನೋಡಲಿ. ಮೂರು ಸೀಸನ್ ಅವರನ್ನು ಬದಲಿಸದಿರಲಿ. ಜಗಳ ಆಗುತ್ತದೆ, ಆಗಲಿ.